ಸೂಜಿ ತಾಕದ ಕಪ್ಪೆಗಳು

"ಬಾಗ್ಲಾ ಹಾಕಬ್ಯಾಡ್ರೀ..."

ಆ ಮಾತು ಕಿವಿಗೆ ಬೀಳುವಷ್ಟರಲ್ಲಿ ತಡವಾಗಿತ್ತು. ಸಮನ್ವಿತಾಳ ಬೆನ್ನ ಹಿಂದೆ ಕೋಲ್ಡ್ ರೂಮಿನ ದಪ್ಪ ಬಾಗಿಲು ಧಪ್ಪೆಂದು ಮುಚ್ಚಿಕೊಂಡಿತು.

ಐಸ್ ತುಂಬಿದ ಡಬ್ಬಿ ಹಿಡಿದುಕೊಂಡೇ ಅವಳು ಸುತ್ತ ನೋಡಿದಳು. ಮೂಲೆಯಲ್ಲಿ ಬೋರಲು ಹಾಕಿದ ಪ್ಲಾಸ್ಟಿಕ್ ಕ್ರೇಟಿನ ಮೇಲೆ ಒಬ್ಬ ಯುವಕ ಮುದುಡಿ ಕೂತಿದ್ದ. ಒಂದು ಕೈಯಲ್ಲಿ ಮೈಕು, ಇನ್ನೊಂದು ಕೈಯಲ್ಲಿ ಬಾಗಿಲಿನ ಮುರಿದ ಹಿಡಿಕೆ. ತುಟಿ ಆಗಲೇ ನೀಲಿಗಟ್ಟಿತ್ತು.

"ಒಳಗಿಂದ ತಗಿಯಾಕ ಬರಂಗಿಲ್ರೀ. ಹಿಡಕಿ ನನ್ನ ಕೈಯಾಗ ಬಂತು," ಎಂದು ಅವನು ಅದನ್ನು ಎತ್ತಿ ತೋರಿಸಿದ.

ಸಮನ್ವಿತಾ ಡಬ್ಬಿ ಕೆಳಗಿಟ್ಟು ಬಾಗಿಲು ಬಡಿದಳು. ಯಾರೂ ಬರಲಿಲ್ಲ. ಜೆ.ಪಿ. ನಗರದ ಆ ಹಳೆಯ ಸಂಶೋಧನಾ ಕೇಂದ್ರದಲ್ಲಿ ಅದು ಊಟದ ಹೊತ್ತು, ಎಲ್ಲರೂ ಎದುರಿನ ದರ್ಶಿನಿ ಹೋಟೆಲಿಗೆ ಹೋಗಿದ್ದರು. ಫೋನ್ ತೆಗೆದರೆ ಸಿಗ್ನಲ್ ಇಲ್ಲ. ಉಸಿರು ಅರ್ಧಕ್ಕೇ ನಿಂತಂತಾಯಿತು.

'ಇಲ್ಲೂನಾ... ಇಲ್ಲೂ ಸಿಕ್ಕಿಹಾಕ್ಕೊಂಡ್ನಾ?'

ಈ 'ಇಲ್ಲೂ' ಎಂಬುದರ ಹಿಂದೆ ಏನಿದೆ ಎಂದು ಈಗಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀವು ಈ ಹುಡುಗಿಯನ್ನು ಹೆದರುಪುಕ್ಕಲಿ ಎಂದುಕೊಂಡುಬಿಡುತ್ತೀರಿ.

ಸಮನ್ವಿತಾ ಕಪ್ಪೆಗಳ ಮೇಲಿನ ಪಿಎಚ್.ಡಿ.ಗೆ ಸೇರಿ ಆರು ವರ್ಷವಾಗಿತ್ತು. ಮನೆ ಪದ್ಮನಾಭನಗರದಲ್ಲಿ, ಮನೆಯಲ್ಲಿ ಅವಳೂ ಅಮ್ಮ ಸರಸ್ವತಿಯೂ ಇಬ್ಬರೇ. ಅಪ್ಪ ತೀರಿಕೊಂಡ ಮೇಲೆ ಅಮ್ಮನಿಗೆ ಒಂದೇ ಧ್ಯಾನ, ಮಗಳ ಮದುವೆ. ಜಯನಗರದ ಮಾಧವನ ಮನೆಯವರ ಜೊತೆ ಮಾತು ಮುಗಿದಿತ್ತು. ಥೀಸಿಸ್ ಕೊಟ್ಟ ಮುಂದಿನ ತಿಂಗಳೇ ಮದುವೆ. ಅತ್ತ ಈ ವರ್ಷದೊಳಗೆ ಥೀಸಿಸ್ ಕೊಡದಿದ್ದರೆ ರಿಜಿಸ್ಟ್ರೇಷನ್ನೇ ರದ್ದು.

ಅಂದರೆ ಕೊಟ್ಟರೆ ಮದುವೆ, ಕೊಡದಿದ್ದರೆ ಆರು ವರ್ಷ ಮಣ್ಣುಪಾಲು. ಅವಳಿಗೆ ಎರಡೂ ಬೇಡವಾಗಿತ್ತು. ಬೇಡ ಎನ್ನಲು ಮಾತ್ರ ಬಾಯಿ ಬರುತ್ತಿರಲಿಲ್ಲ.

ಮಾಧವ ಕೆಟ್ಟವನಾಗಿದ್ದರೆ ಒಂದು ಜಗಳ ಆಡಿ ಮುಗಿಸಬಹುದಿತ್ತು. ಅವನು ಒಳ್ಳೆಯವನು. ಚಾರ್ಟರ್ಡ್ ಅಕೌಂಟೆಂಟ್, ಮೆದು ಮಾತು, ಹಬ್ಬಕ್ಕೆ ತಪ್ಪದೆ ಅಮ್ಮನಿಗೆ ಫೋನ್ ಮಾಡುತ್ತಿದ್ದ. ಮದುವೆಯಾದ ಮೇಲೆ ಅವಳು ಮನೆ ಹತ್ತಿರದ ಶಾಲೆಯಲ್ಲಿ ಪಾಠ ಮಾಡಬಹುದು, ಈ ಕಪ್ಪೆ ವಾಸನೆಯಿಂದ ಬಿಡುಗಡೆ ಸಿಗುತ್ತದೆ ಎಂದು ಅವನೇ ಪ್ರೀತಿಯಿಂದ ತೀರ್ಮಾನಿಸಿಬಿಟ್ಟಿದ್ದ. ವಾರಕ್ಕೊಮ್ಮೆ ಫೋನ್ ಮಾಡಿ, ಇನ್ನೂ ಎಷ್ಟು ಕಪ್ಪೆ ಬಾಕಿ ಇದೆ ಎಂದು ನಗುತ್ತಾ ಕೇಳುತ್ತಿದ್ದ. ಅವಳೂ ನಗುತ್ತಿದ್ದಳು. ಫೋನಿಟ್ಟ ಮೇಲೆ ಆ ನಗು ಉಳಿಯುತ್ತಿರಲಿಲ್ಲ.

ಈಗ ಕೋಲ್ಡ್ ರೂಮಿಗೆ ಬರೋಣ.

"ಅಂಜಬ್ಯಾಡ್ರೀ. ಉಸುರು ಸಾವಕಾಶ ಬಿಡ್ರಿ. ಊಟ ಮುಗಿಸಿ ಯಾರರ ಬಂದ ಬರ್ತಾರ," ಎಂದ ಅವನು. ತನ್ನ ಮಫ್ಲರ್ ತೆಗೆದು ಅವಳತ್ತ ಚಾಚಿದ.

ಅವನ ಹೆಸರು ಗುರುಸಿದ್ದ, ಊರು ನರಗುಂದದ ಕಡೆ. ಸುದ್ದಗುಂಟೆಪಾಳ್ಯದಲ್ಲಿ ಒಂದು ಬಾಡಿಗೆ ಕೋಣೆ. ಕೇಂದ್ರದ ಧ್ವನಿ ವಿಭಾಗಕ್ಕೆ ಅದೇ ವಾರ ಸೇರಿದ್ದ. ಕೆರೆ ಕೆರೆ ಸುತ್ತಿ ಕಪ್ಪೆಗಳ ಕೂಗು ರೆಕಾರ್ಡ್ ಮಾಡಿ, ಯಾವ ಕಪ್ಪೆ ಹೇಗೆ ಕೂಗುತ್ತದೆ ಎಂದು ವಿಂಗಡಿಸುವುದು ಅವನ ಕೆಲಸ. ಕೇಂದ್ರದಲ್ಲಿ ತನಗೆ ಕೊಟ್ಟ ಕೋಣೆಯಲ್ಲಿ ಏನೇ ಕೇಳಿದರೂ ಹಿಂದೆ ಒಂದು ಗುಂಯ್ ಎನ್ನುವ ಸದ್ದು ಬರುತ್ತಿದೆಯಲ್ಲ ಎಂದು ಅದರ ಜಾಡು ಹಿಡಿದು ಹೊರಟವನು ಈ ಕೋಲ್ಡ್ ರೂಮಿನ ಮೋಟರಿಗೆ ಬಂದು ಮುಟ್ಟಿದ್ದ.

"ಗ್ವಾಡಿ ಅಂದ್ರ ಏನೂ ಅಲ್ರೀ ಸಪ್ಪಳಕ್ಕ. ದಾಟಿ ಬರತೈತಿ," ಎಂದು ಗೋಡೆ ತಟ್ಟಿ ತೋರಿಸಿದ.

ಆಮೇಲೆ ಅವಳ ಭಯ ಇಳಿಯಲೆಂದು ಬಾಯಲ್ಲೇ ಕಪ್ಪೆ ಕೂಗಿದ. ಒಂದು ಕೆರೆಯದು ದಪ್ಪ ದನಿ, ಇನ್ನೊಂದು ಗದ್ದೆಯದು ಟಿಕ್ ಟಿಕ್ ಎನ್ನುವಂಥದ್ದು, ಮತ್ತೊಂದು ಅಜ್ಜನ ಕೆಮ್ಮು. ಚಳಿಗೆ ಹಲ್ಲು ಕಟಕಟಿಸುತ್ತ ಅವನು ಕೂಗುವುದನ್ನು ಕಂಡು ಸಮನ್ವಿತಾಳಿಗೆ ನಗು ತಡೆಯಲಾಗಲಿಲ್ಲ. ಎಷ್ಟೋ ತಿಂಗಳ ಮೇಲೆ ಹೊಟ್ಟೆ ಹಿಡಿದು ನಕ್ಕಳು.

ನಮ್ಮ ಮನೆ ಹಿಂದಿನ ಖಾಲಿ ಸೈಟಿನಲ್ಲಿ ಮೊದಲೆಲ್ಲ ಮಳೆನೀರು ನಿಲ್ಲುತ್ತಿತ್ತು, ಕಪ್ಪೆ ಸದ್ದು ಕೇಳುತ್ತಲೇ ನಿದ್ದೆ ಹೋಗುತ್ತಿದ್ದೆ ಎಂದು ಅವಳು ಹೇಳಿದಳು. ಈಗ ಅಲ್ಲಿ ಅಪಾರ್ಟ್‌ಮೆಂಟ್.

"ಈಗ ನಿಮ್ಮ ಹತ್ರನ ಕಪ್ಪಿ ಅದಾವಲ್ರೀ?"

"ಇವೆ. ಕೂಗಲ್ಲ. ಎಲ್ಲಾ ಹೆಣ್ಣು, ಕೂಗೋದು ಗಂಡು ಮಾತ್ರ."

ಅಷ್ಟರಲ್ಲಿ ಅಟೆಂಡರ್ ಮಾರಯ್ಯ ಬಂದು ಬಾಗಿಲು ತೆಗೆದ. ಹೊರಗಿನ ಬಿಸಿಗಾಳಿ ಮುಖಕ್ಕೆ ಬಡಿಯಿತು. ಮಫ್ಲರ್ ವಾಪಸ್ ಕೊಡುವುದನ್ನು ಅವಳು ಮರೆತಳು. ಅವನೂ ಕೇಳಲಿಲ್ಲ.

* * *

ಸಮನ್ವಿತಾಳ ಕೆಲಸ ಕಪ್ಪೆಯ ಅಂಡನಾಳದ ಮೇಲೆ. ಹೆಣ್ಣುಕಪ್ಪೆಯ ಮೊಟ್ಟೆ ಹೊರಬರುವ ಮೊದಲು ಆ ನಾಳದಲ್ಲಿ ಜಾರುತ್ತದೆ, ಅಲ್ಲೇ ಅದಕ್ಕೆ ಲೋಳೆಯ ಹೊದಿಕೆ ಸಿಗುತ್ತದೆ. ಲೋಳೆ ತಯಾರಾಗಲು ನಾಳದಲ್ಲಿ ಕಿಣ್ವಗಳು ಚುರುಕಾಗಬೇಕು. ಅವುಗಳನ್ನು ಎಬ್ಬಿಸುವುದು ಹಾರ್ಮೋನು. ಮಳೆಗಾಲದಲ್ಲಿ ಹಾರ್ಮೋನು ಏರುತ್ತದೆ, ಬೇಸಿಗೆಯಲ್ಲಿ ಎಲ್ಲವೂ ಮಲಗಿರುತ್ತದೆ.

ಅದಕ್ಕೇ ಅವಳು ಬೇಸಿಗೆಯನ್ನು ಆರಿಸಿಕೊಂಡಿದ್ದಳು. ಕೆಂಪು ಪಟ್ಟಿಯ ತೊಟ್ಟಿಯ ಕಪ್ಪೆಗಳಿಗೆ ದಿನಾ ಹಾರ್ಮೋನಿನ ಸೂಜಿ. ಹೋಲಿಸಿ ನೋಡಲು ನೀಲಿ ಪಟ್ಟಿಯವಕ್ಕೆ ಬರೀ ಉಪ್ಪುನೀರಿನ ಸೂಜಿ. ಕೊನೆಗೆ ಅಂಡನಾಳದ ರಸವನ್ನು ಗಾಜಿನ ಟ್ಯೂಬಿಗೆ ಹಾಕಿ ಪರೀಕ್ಷಿಸಿದರೆ, ಕಿಣ್ವ ಎಚ್ಚೆತ್ತಿದ್ದಷ್ಟೂ ಬಣ್ಣ ಗಾಢ ಹಳದಿ. ಕೆಂಪು ತೊಟ್ಟಿಯದು ಹಳದಿಯಾಗಬೇಕು, ನೀಲಿಯದು ಪೇಲವವಾಗೇ ಉಳಿಯಬೇಕು. ಇಷ್ಟೇ. ಒಂದೊಂದು ಕಪ್ಪೆಗೂ ಅನುಮತಿ ಬೇಕು, ಈ ಸಲದ್ದೇ ಕೊನೆಯ ಅನುಮತಿ. ಇದು ಕೆಟ್ಟರೆ ಮತ್ತೆ ಮಾಡುವ ಹಾಗಿಲ್ಲ.

ದಿನಾ ಸಂಜೆ ತೊಟ್ಟಿಯ ನೀರು ಬದಲಿಸಿ, ಮನೆಗೆ ಹೊರಡುವ ಮೊದಲು ಅವಳು ಕಪ್ಪೆ ಕೋಣೆಯಲ್ಲಿ ಒಂದು ಸ್ಟೂಲ್ ಎಳೆದು ಸ್ವಲ್ಪ ಹೊತ್ತು ಕೂರುತ್ತಿದ್ದಳು. ಮನೆಗೆ ಹೋದರೆ ಅಮ್ಮನ ಮುಂದೆ ಮದುವೆ ಸೀರೆಗಳ ಫೋಟೋ ನೋಡಬೇಕು, ಅದಕ್ಕೇ.

ಕೋಲ್ಡ್ ರೂಮಿನ ಘಟನೆಯಾದ ಮರುದಿನ ಸಂಜೆ ಅವಳು ಹಾಗೆ ಕೂತಿದ್ದಾಗ ಗೋಡೆಯ ಆಚೆಯಿಂದ ಮಳೆ ಬಂತು.

ನಿಜವಾದ ಮಳೆಯಲ್ಲ, ರೆಕಾರ್ಡು. ಅದರೊಳಗಿಂದ ಒಂದು ಕಪ್ಪೆ ಕೂಗಿತು. ಅದಕ್ಕೆ ಇನ್ನೊಂದು ಉತ್ತರ ಕೊಟ್ಟಿತು. ಆಮೇಲೆ ಇಡೀ ಕೆರೆಯೇ ಎದ್ದು ಕೂಗಿತು. ಗುರುಸಿದ್ದನ ಕೋಣೆ ಗೋಡೆಗೆ ಅಂಟಿಕೊಂಡೇ ಇತ್ತು. ಅವನು ಸ್ಪೀಕರನ್ನು ಇತ್ತ ತಿರುಗಿಸಿಟ್ಟಿದ್ದಾನೆ ಎಂದು ಅವಳಿಗೆ ತಕ್ಷಣ ಹೊಳೆಯಿತು.

ಸಮನ್ವಿತಾ ಕಣ್ಣು ಮುಚ್ಚಿ ಗೋಡೆಗೆ ತಲೆಯಾನಿಸಿದಳು.

ಅಂದಿನಿಂದ ಅದು ದಿನದ ಮಾತಾಯಿತು. ಅವಳು ಸ್ಟೂಲ್ ಎಳೆದ ಸದ್ದಾದರೆ ಸಾಕು, ಆಚೆ ಕೆರೆ ಶುರು. ಇಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಮಧ್ಯಾಹ್ನ ಟೀ ಕುಡಿಯುವಾಗ ಊರಿನ ವಿಷಯ, ಬಿ.ಟಿ.ಎಂ. ಲೇಔಟಿನ ಟ್ರಾಫಿಕ್ಕು, ಇಲ್ಲಿ ಸಿಗುವ ರೊಟ್ಟಿ ರೊಟ್ಟಿಯೇ ಅಲ್ಲ ಎಂಬ ಅವನ ಗೊಣಗಾಟ. ಮಾಧವನ ಸುದ್ದಿಯನ್ನು ಮಾತ್ರ ಅವಳು ಎತ್ತಲಿಲ್ಲ.

'ಹೇಳ್ಬೇಕು... ನಾಳೆ ಹೇಳ್ತೀನಿ.' ಹೇಳಿದರೆ ಗೋಡೆಯಾಚೆಯ ಕೆರೆ ನಿಂತುಬಿಡುತ್ತದೆ ಎಂಬ ಭಯ ಅವಳಿಗೆ.

ಆ ದಿನಗಳಲ್ಲಿ ಅವಳು ಇನ್ನೂ ಒಂದು ವಿಷಯ ನೋಡಿದ್ದಳು. ಸಂಜೆಯಾದರೆ ಕಪ್ಪೆಗಳೆಲ್ಲ ತೊಟ್ಟಿಯಲ್ಲಿ ಗೋಡೆಯ ಕಡೆಗೇ ಬಂದು ಗುಂಪಾಗಿ ಕೂರುತ್ತಿದ್ದವು. ಗೋಡೆ ತಂಪಾಗಿರಬೇಕು ಎಂದುಕೊಂಡು, ನಿಮಗೂ ನನ್ನ ಹಾಗೇ ಸೆಕೆಯಾ ಎಂದು ಅವಕ್ಕೆ ತಮಾಷೆ ಮಾಡಿ ಸುಮ್ಮನಾಗಿದ್ದಳು. ಹಾರ್ಮೋನು ಏರಿ ಕಿಣ್ವ ಚುರುಕಾಗುವುದನ್ನು ನಿದ್ದೆಯಲ್ಲೂ ವಿವರಿಸಬಲ್ಲ ಹುಡುಗಿ ಅವಳು. ಕಣ್ಣೆದುರಿಗೇ ಇದ್ದದ್ದು ಕಾಣಿಸಲಿಲ್ಲ, ಏನು ಹೇಳೋಣ.

* * *

ಸೂಜಿ ಕೊಡುವ ದಿನಗಳ ನಡುವೆಯೇ ಮಾಧವನ ಅಜ್ಜಿಗೆ ಹುಷಾರು ತಪ್ಪಿತು. ಅಜ್ಜಿ ನೋಡಲಿ ಎಂದು ಹಿರಿಯರು ನಿಶ್ಚಿತಾರ್ಥವನ್ನು ಮುಂಚಿತವಾಗಿಯೇ, ಆ ಭಾನುವಾರವೇ ಇಟ್ಟುಬಿಟ್ಟರು. ಸಮನ್ವಿತಾಳನ್ನು ಕೇಳಿದರು ಅನ್ನಿ. ಆದರೆ ಅದು ಕೇಳುವುದಲ್ಲ, ತಿಳಿಸುವುದು.

ಒಂದು ದಿನ ಸೂಜಿ ತಪ್ಪಿದರೂ ಪ್ರಯೋಗ ಹಾಳು. ಗೈಡ್ ರಾಮಪ್ರಸಾದ್ ಊರಿನಲ್ಲಿರಲಿಲ್ಲ. ಕಪ್ಪೆಗಳನ್ನು ಮುಟ್ಟುವ ಪರವಾನಗಿ, ಸೂಜಿ ಹಿಡಿದ ಅಭ್ಯಾಸ ಎರಡೂ ಇದ್ದವನು ಗುರುಸಿದ್ದ ಒಬ್ಬನೇ. ಶನಿವಾರ ಅವನ ಕೋಣೆಗೆ ಹೋಗಿ ಎರಡು ಬಾಟಲಿ ಮೇಜಿನ ಮೇಲಿಟ್ಟಳು.

ಭಾನುವಾರ ಏನು ವಿಶೇಷ ಎಂದು ಅವನು ಸಹಜವಾಗಿಯೇ ಕೇಳಿದ.

"ನನ್ನ ನಿಶ್ಚಿತಾರ್ಥ."

ಗುರುಸಿದ್ದ ಬಾಟಲಿಗಳ ಪಟ್ಟಿಯನ್ನು ಬೆರಳಿನಿಂದ ಮುಟ್ಟಿ ನೋಡಿದ. ಕೇಳಿದ್ದು ಇಷ್ಟೇ, "ಕೆಂಪು ಪಟ್ಟಿದು ಕೆಂಪು ತೊಟ್ಟಿಗೆ. ನೀಲಿದು ನೀಲಿಗೆ. ಹೌದಿಲ್ರೀ?"

ಹೌದು ಎಂದು ತಲೆಯಾಡಿಸಿ ಅವಳು ಓಡಿದಂತೆ ಹೊರಬಂದಳು. ಕಾರಿಡಾರಿನ ಕೊನೆಯಲ್ಲಿ ನಿಂತು ಅತ್ತಳು. ಯಾಕೆ ಅಳುತ್ತಿದ್ದೇನೆ ಎಂದು ತನ್ನನ್ನೇ ಕೇಳಿಕೊಳ್ಳುವ ಧೈರ್ಯವೂ ಇರಲಿಲ್ಲ.

ಸೋಮವಾರ ಸಂಜೆ ಬೆರಳಲ್ಲಿ ಉಂಗುರ ತೊಟ್ಟು ಅವಳು ಕಪ್ಪೆ ಕೋಣೆಗೆ ಬಂದಳು. ಇವತ್ತು ಆಚೆ ನಿಶ್ಶಬ್ದವೇ ಎಂದುಕೊಂಡು ಸ್ಟೂಲ್ ಎಳೆದಳು. ಮಳೆ ಬಂತು, ಕೆರೆ ಎದ್ದಿತು. ಅವನು ನಿಲ್ಲಿಸಿರಲಿಲ್ಲ. ನಿಲ್ಲಿಸಿದ್ದರೇ ಸುಲಭವಿತ್ತೇನೋ.

* * *

ಪರೀಕ್ಷೆಯ ದಿನ ಬಂತು. ಕೆಂಪು ತೊಟ್ಟಿಯ ಟ್ಯೂಬುಗಳು ಹಳದಿಯಾದವು. ಅವಳು ನಿಟ್ಟುಸಿರು ಬಿಟ್ಟಳು.

ನೀಲಿ ತೊಟ್ಟಿಯ ಟ್ಯೂಬುಗಳೂ ಹಳದಿಯಾದವು.

ಸಮನ್ವಿತಾ ಬೆಳಕಿಗೆ ಹಿಡಿದು ನೋಡಿದಳು. ಮತ್ತೆ ಮಾಡಿದಳು, ಮತ್ತೆ ಹಳದಿ. ಬರೀ ಉಪ್ಪುನೀರಿನ ಸೂಜಿಗೆ ಯಾವ ಕಿಣ್ವವೂ ಹೀಗೆ ಎದ್ದು ಕೂರುವುದಿಲ್ಲ. ನೀರು, ಬೆಳಕು, ಆಹಾರ, ಕೋಣೆಯ ಉಷ್ಣತೆ ಎಲ್ಲ ಸರಿಯಾಗಿದೆ. ಅಂದರೆ ನೀಲಿ ತೊಟ್ಟಿಗೆ ಹಾರ್ಮೋನು ಹೋಗಿದೆ. ಸೂಜಿ ತನ್ನ ಕೈ ಬಿಟ್ಟು ಬೇರೆಯವರ ಕೈಗೆ ಹೋದದ್ದು ಒಂದೇ ದಿನ...

ಭಾನುವಾರ.

ಒಂದೇ ದಿನದ ಸೂಜಿಗೆ ಇಷ್ಟು ಹಳದಿ ಬರುತ್ತದೆಯೇ ಎಂದು ಅವಳು ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ಹಿಡಿಯಲು ಒಂದು ತಪ್ಪು ಬೇಕಿತ್ತು, ಕೈಗೆ ಸಿಕ್ಕಿದ್ದನ್ನು ಹಿಡಿದಳು. ನೇರ ಅವನ ಕೋಣೆಗೆ ನುಗ್ಗಿದಳು.

"ಬಾಟ್ಲಿ ಬದಲಾಯಿಸಿದ್ರಲ್ಲ... ನನ್ನ ನಿಶ್ಚಿತಾರ್ಥ ಅಂತ ಗೊತ್ತಾಗಿ ಬೇಕಂತಲೇ ಮಾಡಿದ್ರಾ?"

ಗುರುಸಿದ್ದನ ಮುಖ ಬಿಳಿಚಿತು. ಕೂತವನು ಎದ್ದು ನಿಂತ.

"ಕೆಂಪು ಕೆಂಪಿಗೆ ಕೊಟ್ಟೀನಿ, ನೀಲಿ ನೀಲಿಗೆ ಕೊಟ್ಟೀನಿ. ಕೈ ನಡಗಿತ್ತು, ಖರೇ. ಬಾಟ್ಲಿ ಬದ್ಲಾಗಿಲ್ರೀ."

ಅವಳು ನಂಬಲಿಲ್ಲ. ಊರಿನಿಂದ ಬಂದ ರಾಮಪ್ರಸಾದರ ಮುಂದೆ ಅದನ್ನೇ ಹೇಳಿದಳು. ಮಾತು ಮೇಲಿನವರ ಕಿವಿಗೆ ಹೋಯಿತು. ಗುರುಸಿದ್ದನದು ಕಾಯಂ ಕೆಲಸವಲ್ಲ, ತಾತ್ಕಾಲಿಕ. ನಾಳೆಯಿಂದ ಬರಬೇಡ ಎಂದರು. ಅವನು ಯಾರ ಜೊತೆಗೂ ವಾದ ಮಾಡದೆ ಸ್ಪೀಕರು, ಮೈಕು ಮಡಚಿಕೊಂಡು ಹೋದ.

ರಾಮಪ್ರಸಾದರು ದಾರಿ ತೋರಿಸಿದರು. ಸಹಾಯಕನ ತಪ್ಪಿನಿಂದ ನೀಲಿ ಗುಂಪು ಕೆಟ್ಟಿತು ಎಂದು ಥೀಸಿಸ್ಸಿನಲ್ಲಿ ಒಂದು ಸಾಲು ಬರೆದು, ಹೋದ ವರ್ಷದ ನೀಲಿ ಗುಂಪಿನ ಅಂಕಿ ಹಾಕುವುದು. ಮುಂದಿನ ತಿಂಗಳ ಕೊನೆಗೆ ಸಲ್ಲಿಸುವುದು. ಅಮ್ಮ ಮದುವೆಗೆ ಛತ್ರ ನೋಡಿದಳು. ಎಲ್ಲವೂ ಸರಿಹೋಯಿತು, ಎಲ್ಲರಿಗೂ ಸಮಾಧಾನವಾಯಿತು. ಸಮನ್ವಿತಾಳಿಗೆ ಮಾತ್ರ ಸುತ್ತಲಿನ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತಿರುವುದು ಕೇಳಿಸುತ್ತಿತ್ತು.

* * *

ಪರೀಕ್ಷೆಗೆ ಬಳಸದೆ ಉಳಿಸಿಟ್ಟಿದ್ದ ಕೆಲವು ಕಪ್ಪೆಗಳು ನೀಲಿ ತೊಟ್ಟಿಯಲ್ಲೇ ಇದ್ದವು. ಸಂಜೆ ಅವುಗಳ ನೀರು ಬದಲಿಸಿ ಅವಳು ಸ್ಟೂಲ್ ಎಳೆಯುತ್ತಿದ್ದಳು. ಆಚೆ ಏನೂ ಇಲ್ಲ. ಕೋಲ್ಡ್ ರೂಮಿನ ಮೋಟರಿನ ಗುಂಯ್ ಸದ್ದು ಮಾತ್ರ.

ಒಂದು ಸಂಜೆ ತಡೆಯಲಾಗಲಿಲ್ಲ. ಗುರುಸಿದ್ದ ಹಿಂದೊಮ್ಮೆ ವಾಟ್ಸಾಪಿನಲ್ಲಿ ಕಳಿಸಿದ್ದ ಒಂದು ಆಡಿಯೋ ಅವಳ ಫೋನಿನಲ್ಲಿತ್ತು. ಯಾವುದೋ ಕೆರೆಯದು. ಬಸ್ಸಿನಲ್ಲಿ ಕೇಳ್ರೀ ಎಂದು ಕಳಿಸಿದ್ದು. ಗೋಡೆಯ ಕಡೆ ನೋಡಲಾಗದೆ ಅದಕ್ಕೆ ಬೆನ್ನು ಹಾಕಿ, ಕೋಣೆಯ ಇನ್ನೊಂದು ಬದಿಯ ಕಿಟಕಿಕಟ್ಟೆಯ ಮೇಲೆ ಫೋನಿಟ್ಟು ಅದನ್ನು ಹಾಕಿದಳು. ಮಳೆ ಬಂತು, ಕೆರೆ ಎದ್ದಿತು. ಅವಳು ಬಾಯಿಗೆ ದುಪಟ್ಟಾ ಒತ್ತಿಕೊಂಡು ಅತ್ತಳು.

'ನೀನು ಬೇಕು ನಂಗೆ... ನೀನೇ ಬೇಕು. ಬೇಕಂತಲೇ ಮಾಡ್ದೆ ಅಂದೆನಲ್ಲ ನಿನ್ನ... ಯಾವ ಬಾಯಲ್ಲಿ ಅಂದೆ?'

ಕಣ್ಣೊರೆಸಿಕೊಂಡು ತೊಟ್ಟಿಯ ಕಡೆ ನೋಡಿದವಳು ಹಾಗೇ ನಿಂತಳು.

ಅಲ್ಲೊಂದು ಇಲ್ಲೊಂದು ಚದುರಿ ಕೂತಿದ್ದ ಕಪ್ಪೆಗಳು ತಿರುಗಿದ್ದವು. ಒಂದು ಮೆಲ್ಲಗೆ ಫೋನಿನ ಕಡೆಗೆ ಕುಪ್ಪಳಿಸಿತು. ಅದರ ಹಿಂದೆ ಇನ್ನೊಂದು. ಸ್ವಲ್ಪ ಹೊತ್ತಿಗೆ ಎಲ್ಲವೂ ತೊಟ್ಟಿಯಲ್ಲಿ ಕಿಟಕಿಯ ಬದಿಗೆ ಬಂದು ಗುಂಪಾಗಿ, ಕತ್ತೆತ್ತಿ ಕೂತವು.

ಫೋನ್ ಎತ್ತಿ ಬಾಗಿಲ ಬಳಿಯಿಟ್ಟಳು. ಕಪ್ಪೆಗಳು ತೊಟ್ಟಿಯೊಳಗೇ ಬಾಗಿಲ ಕಡೆಗೆ ಸರಿದವು.

ಗೋಡೆ ತಂಪಾಗಿದ್ದುದಕ್ಕಲ್ಲ... ಇವು ಕೇಳುತ್ತಿದ್ದವು. ಬೇಸಿಗೆಯ ನಡುವೆ, ಇಲ್ಲದ ಮಳೆಯನ್ನು, ಇಲ್ಲದ ಗಂಡುಕಪ್ಪೆಗಳನ್ನು ದಿನಾ ಸಂಜೆ ಕೇಳಿ ಕೇಳಿ, ಮಳೆಗಾಲ ಬಂತೆಂದು ಇವುಗಳ ಮೈ ನಂಬಿಬಿಟ್ಟಿತ್ತು. ಹಾರ್ಮೋನು ಸೂಜಿಯಿಂದ ಬರಲಿಲ್ಲ, ಇವುಗಳೊಳಗೇ ಏರಿತು. ಕಿಣ್ವ ಎದ್ದಿತು. ಟ್ಯೂಬು ಹಳದಿಯಾಯಿತು.

ಆರು ವರ್ಷ ಅವಳು ಕಪ್ಪೆಯ ಅಂಡನಾಳವನ್ನಷ್ಟೇ ನೋಡಿದ್ದಳು. ಕಪ್ಪೆಗೆ ಕಿವಿ ಇದೆ ಎಂಬುದನ್ನೇ ಮರೆತಿದ್ದಳು.

ಅವಳು ಅಲ್ಲಿಗೇ ಬಿಡಲಿಲ್ಲ. ಉಳಿದ ಕಪ್ಪೆಗಳನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ದೂರದ ನಿಶ್ಶಬ್ದ ಕೋಣೆಯಲ್ಲಿಟ್ಟಳು. ಇನ್ನೊಂದು ಪಾಲಿಗೆ ದಿನಾ ಸಂಜೆ ಕೆರೆಯ ಸದ್ದು ಕೇಳಿಸಿದಳು. ಯಾವುದಕ್ಕೂ ಸೂಜಿ ಇಲ್ಲ. ಕೆಲವು ವಾರಗಳ ಮೇಲೆ ನೋಡಿದರೆ ನಿಶ್ಶಬ್ದದವು ಪೇಲವ. ಕೇಳಿದವು ಹಳದಿ.

* * *

ಟ್ಯೂಬುಗಳ ಸ್ಟ್ಯಾಂಡ್ ಹಿಡಿದುಕೊಂಡೇ ರಾಮಪ್ರಸಾದರ ಬಳಿ ಹೋದಳು. ಅವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ನೋಡಿದರು. ಇದನ್ನು ಬರೆಯಬೇಕೆಂದರೆ ಇನ್ನೂ ಒಂದು ವರ್ಷದ ಕೆಲಸ, ರಿಜಿಸ್ಟ್ರೇಷನ್ ಮುಂದುವರಿಸಿ ಎಂದು ಕೇಳಬೇಕು, ಕೊಡುತ್ತಾರೆಂಬ ಖಾತ್ರಿಯಿಲ್ಲ, ಮದುವೆ ಬೇರೆ ಇದೆ, ಸುಮ್ಮನೆ ಆ ಒಂದು ಸಾಲು ಬರೆದು ಕೊಟ್ಟುಬಿಡಮ್ಮಾ ಎಂದರು.

"ಆ ಸಾಲು ಸುಳ್ಳು ಸಾರ್. ನಾನು ಬರೆಯಲ್ಲ."

ಆರು ವರ್ಷದಲ್ಲಿ ಅವರೆದುರು ಅವಳು ಮೊದಲ ಸಲ ಇಲ್ಲ ಎಂದದ್ದು. ಆಕಾಶ ಕಳಚಿ ಬೀಳಲಿಲ್ಲ. ರಾಮಪ್ರಸಾದರು ಟ್ಯೂಬುಗಳನ್ನು ಇನ್ನೊಮ್ಮೆ ನೋಡಿ, ಕಪ್ಪೆಗೆ ಕಿವಿ ಇದೆ ಅಂತ ನನಗೂ ನೆನಪಾಗಲಿಲ್ಲವಲ್ಲ ಎಂದು ತಲೆ ಚಚ್ಚಿಕೊಂಡರು. ರಿಜಿಸ್ಟ್ರೇಷನ್ ಬಗ್ಗೆ ತಾವೇ ಹೋಗಿ ಮಾತಾಡುವುದಾಗಿಯೂ, ಆ ಹುಡುಗನ ಮೇಲೆ ಬಂದ ಮಾತು ತಪ್ಪೆಂದು ಮೇಲಿನವರಿಗೆ ಹೇಳುವುದಾಗಿಯೂ ಒಪ್ಪಿದರು.

ಒಂದು ಸಲ ಇಲ್ಲ ಎಂದ ಬಾಯಿಗೆ ಎರಡನೆಯದು ಅಷ್ಟು ಕಷ್ಟವಾಗಲಿಲ್ಲ. ಜಯನಗರದ ಒಂದು ಹೋಟೆಲಿನಲ್ಲಿ ಮಾಧವನೆದುರು ಕೂತು ಉಂಗುರ ಬಿಚ್ಚಿ ಮೇಜಿನ ಮೇಲಿಟ್ಟಳು. ನಿಮ್ಮಲ್ಲಿ ಯಾವ ತಪ್ಪೂ ಇಲ್ಲ, ನನ್ನ ಮನಸ್ಸು ಇಲ್ಲಿಲ್ಲ, ಇದನ್ನು ಮೊದಲೇ ಹೇಳದಿದ್ದದ್ದು ನನ್ನ ತಪ್ಪು ಎಂದಳು. ಮಾಧವ ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದ. ನೀವಾಗೇ ನನಗೆ ಒಂದು ಸಲಾನೂ ಫೋನ್ ಮಾಡಿರಲಿಲ್ಲ, ನಾನೂ ಅರ್ಥ ಮಾಡ್ಕೋಬೇಕಿತ್ತು ಎಂದು ಉಂಗುರ ಜೇಬಿಗೆ ಹಾಕಿಕೊಂಡು ಎದ್ದ. ಅವನ ಬೆನ್ನು ನೋಡಿ ಅವಳಿಗೆ ನಿಜವಾಗಿಯೂ ಸಂಕಟವಾಯಿತು.

ಅಮ್ಮ ಮಾತು ಬಿಟ್ಟಳು. ಊಟ ಬಡಿಸುತ್ತಿದ್ದಳು, ಮಾತಿಲ್ಲ. ಅದಕ್ಕೆ ಸಮನ್ವಿತಾಳ ಬಳಿ ಯಾವ ಉಪಾಯವೂ ಇರಲಿಲ್ಲ. ಕಾಯುವುದೊಂದೇ.

* * *

ಗುರುಸಿದ್ದ ಫೋನ್ ಎತ್ತಲಿಲ್ಲ. ಸುದ್ದಗುಂಟೆಪಾಳ್ಯದ ಕೋಣೆಗೆ ಹೋದರೆ ಬೀಗ. ಪಕ್ಕದ ಮನೆಯ ಯಲ್ಲವ್ವ, ಅವನು ಕತ್ರಿಗುಪ್ಪೆಯಲ್ಲಿ ಸೀರಿಯಲ್‌ಗಳಿಗೆ ದನಿ ಕೂಡಿಸುವ ಸ್ಟುಡಿಯೋ ಒಂದರಲ್ಲಿ ಕೆಲಸಕ್ಕೆ ಸೇರಿದ್ದಾನೆ ಎಂದು ಹೇಳಿ, ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, ದಾರಿಯನ್ನೂ ಹೇಳಿಕೊಟ್ಟಳು.

ಸ್ಟುಡಿಯೋ ಒಂದು ಬೇಕರಿಯ ಮೇಲಿತ್ತು. ಒಳಗಿನ ಕೋಣೆಗೆ ದಪ್ಪ ಬಾಗಿಲು, ಗೋಡೆಗೆಲ್ಲ ಮೆತ್ತೆ. ಬಾಗಿಲು ಅರ್ಧ ತೆರೆದಿತ್ತು. ಗುರುಸಿದ್ದ ಬೆನ್ನು ಮಾಡಿ ಕೂತು, ಯಾವುದೋ ಸೀರಿಯಲ್‌ನ ಅತ್ತೆಯ ಪ್ರವೇಶಕ್ಕೆ ಗುಡುಗಿನ ಸದ್ದು ಹಾಕುತ್ತಿದ್ದ.

"ಗುರುಸಿದ್ದ..."

ಅವನು ತಿರುಗಿದ. ಎದ್ದು ನಿಂತ. ಅವಳು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತೆಲ್ಲ ಮರೆತಳು. ಚೀಲದಿಂದ ಎರಡು ಟ್ಯೂಬು ತೆಗೆದು ಮೇಜಿನ ಮೇಲೆ ನಿಲ್ಲಿಸಿದಳು. ಒಂದು ಪೇಲವ, ಒಂದು ಹಳದಿ.

"ಎರಡಕ್ಕೂ ಸೂಜಿ ಕೊಟ್ಟಿಲ್ಲ. ಹಳದಿದಕ್ಕೆ ನಿಮ್ಮ ಕೆರೆ ಕೇಳಿಸಿದೆ, ಅಷ್ಟೇ."

ಗುರುಸಿದ್ದ ಟ್ಯೂಬನ್ನು ಎತ್ತಿ ಬೆಳಕಿಗೆ ಹಿಡಿದ. ಅವಳು ಒಂದೊಂದಾಗಿ ಹೇಳಿದಳು. ಕಪ್ಪೆಗಳು ಗೋಡೆಯ ಕಡೆ ಗುಂಪಾಗುತ್ತಿದ್ದದ್ದು, ಫೋನಿನ ಕಡೆ ತಿರುಗಿದ್ದು, ಆ ಭಾನುವಾರ ಅವನ ಕೈಯಿಂದ ಯಾವ ತಪ್ಪೂ ಆಗದಿದ್ದದ್ದು. ಅವನ ಹೆಸರಿನ ಮೇಲೆ ಬಂದ ಮಾತನ್ನು ಕೇಂದ್ರದವರು ಅಳಿಸಿದ್ದಾರೆ, ಕೆಲಸಕ್ಕೆ ವಾಪಸ್ ಕರೆಯುತ್ತಾರೆ ಎಂದೂ ಹೇಳಿದಳು.

ಅವನು ಟ್ಯೂಬನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ನಾನೂ ಹೆಡ್ಡನ ನೋಡ್ರೀ. ಇಷ್ಟ ವರ್ಷ ಕೂಗೂ ಗಂಡುಗಳನ್ನಷ್ಟ ರೆಕಾರ್ಡ್ ಮಾಡೀನಿ. ಕೇಳಾಕತ್ತವರು ಯಾರು ಅಂತ ಒಂದ್ ದಿನಾನೂ ನೋಡಲಿಲ್ಲ."

ಆಮೇಲೆ ಅವನ ದನಿ ತಗ್ಗಿತು. "ನೌಕರಿ ಹೋಗಿದ್ದಕ್ಕ ನಂಗ ಬ್ಯಾಸರಿಲ್ರೀ. ಬೇಕಂತಲೇ ಅಂದ್ರಲ್ಲ... ಅದು ಭಾಳ ನೋವಾತು. ನಿಮಗ ಖುಷಿ ಆಗ್ಲಿ ಅಂತ ದಿನಾ ಕೆರಿ ಹಚ್ಚತಿದ್ದೆ ನಾನು. ನಿಮ್ಮ ಕೆಲಸ ಕೆಡಸತೀನೇನ್ರೀ?"

"ತಪ್ಪಾಯ್ತು." ಅವಳ ಕಣ್ಣು ತುಂಬಿತು. "ಹೇಗೆ ಸರಿ ಮಾಡೋದು ಅಂತ ಗೊತ್ತಿಲ್ಲ. ಹೇಳಿ ಹೋಗೋಣ ಅಂತ ಬಂದೆ."

ಹೋಗೋಣ ಎಂದವಳು ಹೋಗಲಿಲ್ಲ. ಅವನ ಕಣ್ಣು ಅವಳ ಬರಿದಾದ ಬೆರಳಿನ ಮೇಲೆ ಬಿತ್ತು. ಕೇಳಲೋ ಬೇಡವೋ ಎನ್ನುತ್ತಾ ಕೊನೆಗೆ ಉಂಗುರ ಎಲ್ಲಿ ಎಂದು ಕೇಳಿದ.

"ವಾಪಸ್ ಕೊಟ್ಟೆ. ಅಮ್ಮ ಇನ್ನೂ ಮಾತಾಡ್ತಿಲ್ಲ. ಥೀಸಿಸ್‌ಗೆ ಇನ್ನೊಂದು ವರ್ಷ ಬೇಕು, ಅದೂ ಸಿಗುತ್ತೋ ಇಲ್ವೋ." ಅವಳು ಉಸಿರು ಎಳೆದುಕೊಂಡಳು. "ಗೋಡೆ ಈಚೆ ದಿನಾ ಕೇಳ್ತಾ ಇದ್ದದ್ದು ಕಪ್ಪೆಗಳು ಮಾತ್ರ ಅಲ್ಲ, ಗುರುಸಿದ್ದ. ನಾನೂ ಕೇಳ್ತಿದ್ದೆ. ನಂಗೆ ನೀವು ಬೇಕು. ಇದನ್ನ ಆ ಭಾನುವಾರಕ್ಕೆ ಮೊದಲೇ ಹೇಳ್ಬೇಕಿತ್ತು."

ಗುರುಸಿದ್ದ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ. ಹೊರಗೆ ಬೇಕರಿಯ ಮುಂದೆ ಸ್ಕೂಟರ್‌ಗಳ ಹಾರನ್, ಕೆಳಗೆ ಯಾರೋ ಪಫ್ಸ್ ಬಿಸಿ ಇದೆಯಾ ಎಂದು ಕೇಳುತ್ತಿದ್ದರು. ಸಮನ್ವಿತಾ ಬಾಗಿಲ ಕಡೆ ನಡೆದಳು. ಹೊರಟೇಬಿಟ್ಟಳೇನೋ ಎಂದು ಅವನು ಎರಡು ಹೆಜ್ಜೆ ಮುಂದೆ ಬಂದ.

ಅವಳು ಹಿಡಿಕೆಯನ್ನು ಒಮ್ಮೆ ಮೇಲೆ ಕೆಳಗೆ ಆಡಿಸಿ ನೋಡಿದಳು. ಆಮೇಲೆ ಆ ದಪ್ಪ ಬಾಗಿಲನ್ನು ತಾನೇ ಎಳೆದು ಮುಚ್ಚಿದಳು. ಹಾರನ್ ಸದ್ದು ನಿಂತಿತು. ಅವಳ ಉಸಿರು ಈ ಸಲ ಎಲ್ಲೂ ಕಟ್ಟಲಿಲ್ಲ.

"ಮಫ್ಲರ್ ತಂದಿಲ್ಲೇನ್ರೀ? ನನ್ನದ ಅದು," ಎಂದ ಅವನು. ದನಿಯಲ್ಲಿ ಕೋಲ್ಡ್ ರೂಮಿನ ಆ ನಗು ವಾಪಸ್ ಬಂದಿತ್ತು.

"ಕೊಡಲ್ಲ."

ಅವನು ಹತ್ತಿರ ಬಂದು ಅವಳ ಕೈ ಹಿಡಿದ. ಅವನ ಕೈ ನಡುಗುತ್ತಿತ್ತು, ಬಹುಶಃ ಆ ಭಾನುವಾರದ ಹಾಗೆಯೇ.

"ಅಂಜಬ್ಯಾಡ್ರೀ," ಎಂದ ಮೆಲ್ಲಗೆ, "ಈ ಬಾಗ್ಲಾ ಒಳಗಿಂದ ತಗಿಯಾಕ ಬರತೈತಿ."

"ಗೊತ್ತು," ಎಂದಳು ಸಮನ್ವಿತಾ. "ನೋಡ್ಕೊಂಡೇ ಹಾಕಿದ್ದು."